ಬಿಸಿ ಮಾಡಿಟ್ಟ ಅಚ್ಚು

ಕೊಲ್ಹಾಪುರದ ಫೌಂಡ್ರಿಯಲ್ಲಿ ಮೂವತ್ತೊಂದು ವರ್ಷ ಕಬ್ಬಿಣ ಕರಗಿಸಿದ ಮಾಯಪ್ಪನಿಗೆ ಒಂದೇ ಒಂದು ಭಯ: ತೇವ. ಹಸಿ ಅಚ್ಚಿಗೆ ಕರಗಿದ ಕಬ್ಬಿಣ ಬಿದ್ದರೆ ಸಿಡಿಯುತ್ತದೆ. ಹಾಗೆ ಸಿಡಿದದ್ದೇ ಅವನ ತಮ್ಮನ ಒಂದು ಕಣ್ಣು ತಿಂದಿತ್ತು. ಅಂದಿನಿಂದ ಫೌಂಡ್ರಿಯಲ್ಲಿ ಅಚ್ಚನ್ನು ಬೆಂಕಿಗೆ ಹಿಡಿದು ಬಿಸಿ ಮಾಡದೆ ಅವನು ಒಂದು ದಿನವೂ ಎರಕ ಹೊಯ್ದವನಲ್ಲ.

ಫೌಂಡ್ರಿ ಮುಚ್ಚಿದ ಮೇಲೆ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಕುಲುಮೆ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದವಳು ಪ್ರಾಜಕ್ತಾ, ಇಚಲಕರಂಜಿಯ ಮಗ್ಗದ ಕಾರ್ಮಿಕನ ಮಗಳು. ಎಲ್ಲರೂ ಮರಾಠಿ ಆಡುವ ಕಡೆ ಇವರಿಬ್ಬರದೇ ಕನ್ನಡ. ಅವಳು ಕಾಕಾ ಎಂದು ಕರೆದರೆ ಮುದುಕನ ಮುಖ ಅರಳುತ್ತಿತ್ತು.

ಅವಳು ಮಾಡಹೊರಟಿದ್ದು ಕಬ್ಬಿಣದ ಗಾಜು. ಕಬ್ಬಿಣಕ್ಕೆ ಬೋರಾನ್, ಸಿಲಿಕಾನ್ ಬೆರೆಸಿ ಕರಗಿಸಿ, ತಣ್ಣನೆಯ ತಾಮ್ರದ ಅಚ್ಚಿಗೆ ಬಿಡಬೇಕು. ಪಾಕ ನಿಧಾನ ಆರಿದರೆ ಹರಳುಗಟ್ಟುತ್ತದೆ, ಥಟ್ಟನೆ ಆರಿದರೆ ಹರಳಾಗಲು ಪುರಸೊತ್ತೇ ಸಿಗದೆ ಗಾಜಾಗಿ ನಿಲ್ಲುತ್ತದೆ ಎಂದು ಅವಳೇ ಅವನಿಗೆ ತಿಳಿಸಿ ಹೇಳಿದ್ದಳು. ಅಂಥ ಕಬ್ಬಿಣ ಕರೆಂಟು ಬಂದೊಡನೆ ಅಯಸ್ಕಾಂತವಾಗಿ, ಹೋದೊಡನೆ ಆ ಗುಣ ಬಿಟ್ಟುಕೊಡುತ್ತದೆ. ಅದರಿಂದ ಮಾಡಿದ ಮೋಟಾರು ಕಾಯುವುದು ಕಡಿಮೆ. ಅಪ್ಪನ ಮಗ್ಗದ ಮೋಟಾರು ಮುಟ್ಟಿ ಕೈ ಸುಟ್ಟುಕೊಂಡು ಬೆಳೆದ ಹುಡುಗಿಗೆ ಅದು ಬರೀ ಡಿಗ್ರಿಯ ಮಾತಾಗಿರಲಿಲ್ಲ.

ಚಳಿಗಾಲದಲ್ಲಿ ತಾಮ್ರದ ಅಚ್ಚು ಒಣಗಿಯೇ ಇರುತ್ತಿತ್ತು, ಮಾಯಪ್ಪ ಅದನ್ನು ಕಾಯಿಸಲು ಹೋಗಲಿಲ್ಲ. ಆಗ ಹೊಯ್ದ ಕಡ್ಡಿಗಳು ಮುರಿದಲ್ಲಿ ಕನ್ನಡಿಯ ಹಾಗೆ ಹೊಳೆದವು. ಮಳೆಗಾಲ ಬಂತು. ಅಚ್ಚಿನ ಮೇಲೆ ನೀರಿನ ಹನಿ ಕಂಡು ಮಾಯಪ್ಪನಿಗೆ ತಮ್ಮನ ಕಣ್ಣು ನೆನಪಾಯಿತು. ಹುಡುಗಿಯ ಕಣ್ಣಿಗೆ ಏನಾದರೂ ಆದರೆ? ಅವಳು ಬರುವ ಮೊದಲೇ ಗ್ಯಾಸಿನ ಉರಿಯಲ್ಲಿ, ನೀರು ಹನಿಸಿದರೆ ಚುರ್ ಎನ್ನುವಷ್ಟು ಅಚ್ಚನ್ನು ಕಾಯಿಸಿ ಜೋಡಿಸಿದ. ಕರಗಿದ ಕಬ್ಬಿಣದ ಮುಂದೆ ಇಷ್ಟು ಬಿಸಿ ಯಾವ ಲೆಕ್ಕ ಅಂದುಕೊಂಡ. ಮಹಾ ಜಾಣ!

ಅಲ್ಲಿಂದ ಮುಂದೆ ಕಡ್ಡಿ ಮುರಿದರೆ ಬೂದುಬಣ್ಣ, ಒಳಗೆಲ್ಲ ಹರಳು. ಅಯಸ್ಕಾಂತ ಗುಣ ಹಿಡಿದರೆ ಬಿಡಲೊಲ್ಲವು. ಏನಾದರೂ ಬದಲು ಮಾಡಿದ್ದೀರಾ ಕಾಕಾ ಎಂದು ಪ್ರಾಜಕ್ತಾ ಕೇಳಿದಳು. ಏನೂ ಇಲ್ಲ ಎಂದ. ಅವನ ಪಾಲಿಗೆ ಅದು ಸುಳ್ಳಲ್ಲ. ಅಚ್ಚು ಕಾಯಿಸುವುದು ಅವನಿಗೆ ಊಟಕ್ಕೆ ಮುಂಚೆ ಕೈ ತೊಳೆದಷ್ಟು ಸಹಜ. ಅವಳು ಬೋರಾನ್ ಹೆಚ್ಚಿಸಿದಳು, ಸಿಲಿಕಾನ್ ಇಳಿಸಿದಳು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ವರ್ಷ ಕಳೆದರೂ ಗಾಜಾಗಲಿಲ್ಲ, ಗೈಡ್ ಬೇಸತ್ತರು. ಕೊನೆಗೆ ಅವಳು ಮೂಲೆಯ ಮೇಜಿನಲ್ಲಿ ಕೂತು, ಚಳಿಗಾಲದ್ದು ಆಕಸ್ಮಿಕ, ತನ್ನ ಮಿಶ್ರಣವೇ ತಪ್ಪು ಎಂದು ವರದಿ ಬರೆಯತೊಡಗಿದಳು.

ಆಗ ಒಂದು ಮುಂಜಾನೆ ಗ್ಯಾಸು ತೀರಿತ್ತು. ಅಭಿಜಿತ ಎಂಬ ಇನ್ನೊಬ್ಬ ವಿದ್ಯಾರ್ಥಿಗೆ ಅವಸರ. ಅವನ ಕಡ್ಡಿಗಳೂ ಅದುವರೆಗೆ ಬೂದುಬಣ್ಣವೇ. ಮಾಯಪ್ಪ ಅಚ್ಚನ್ನು ಬಟ್ಟೆಯಲ್ಲಿ ಒರೆಸಿ, ತಣ್ಣಗಿದ್ದುದನ್ನೇ ಜೋಡಿಸಿ, ಜೀವ ಕೈಯಲ್ಲಿ ಹಿಡಿದು ನಿಂತ. ಏನೂ ಸಿಡಿಯಲಿಲ್ಲ. ಮುರಿದು ನೋಡಿದರೆ ಕನ್ನಡಿ. ತನ್ನ ಮಿಶ್ರಣ ಗೆದ್ದಿತೆಂದು ಅಭಿಜಿತ ಕುಣಿದ.

ಮಾಯಪ್ಪನಿಗೆ ಎಲ್ಲ ತಿಳಿಯಿತು: ಇಷ್ಟು ದಿನ ಪಾಕ ಹರಳುಗಟ್ಟಿದ್ದು ತಾನು ಕಾಯಿಸಿಟ್ಟ ಅಚ್ಚಿನಿಂದ. ಪ್ರಾಜಕ್ತಾ ನಾಲ್ಕು ಹೆಜ್ಜೆ ದೂರದಲ್ಲೇ ಕೂತಿದ್ದಳು. ಆದರೆ ಬಾಯಿ ಬಿಟ್ಟರೆ ಬಣ್ಣಗೇಡು. ಮಿಸ್ತ್ರಿ, ಮಿಸ್ತ್ರಿ ಎಂದು ಗೌರವ ಕೊಡುವವರ ಮುಂದೆ ಹೇಗೆ ಹೇಳುವುದು? ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಇಲ್ಲಿ ಹಾಳಾದದ್ದು ಇನ್ನೊಬ್ಬರದು.

ಅವಳು ಸಂಶೋಧನೆ ಬಿಟ್ಟು, ಮದುವೆಯಾಗಿ, ಈಗ ಗಡಹಿಂಗ್ಲಜದಲ್ಲಿ ಹತ್ತನೆಯ ತರಗತಿಯವರಿಗೆ ಟ್ಯೂಷನ್ ಹೇಳುತ್ತಾಳೆ. ಈ ವೈಶಾಖದಲ್ಲಿ ಮಾಯಪ್ಪನಿಗೆ ತಡೆಯಲಾಗಲಿಲ್ಲ, ಎಸ್‌ಟಿ ಬಸ್ಸು ಹತ್ತಿ ಹೋದ. ಚಹಾ ಕೊಟ್ಟು ಎದುರು ಕೂತವಳಿಗೆ ತಮ್ಮನ ಕಣ್ಣು, ತೇವ, ಅಚ್ಚು, ಎಲ್ಲ ಹೇಳಿದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ಅಂದ್ರ ನನ್ನ ಮಿಶ್ರಣ ತಪ್ಪಿರಲಿಲ್ಲ. ನೀವರೆ ಏನ ಮಾಡ್ತೀರಿ ಕಾಕಾ, ನಿಮಗ ಗೊತ್ತಿರಲಿಲ್ಲ. ಯಾವಾಗ ತಿಳೀತು?"

ನಿನ್ನೆ ಮೊನ್ನೆ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಹ್ವಾದ ವರ್ಷ ಶ್ರಾವಣದಾಗ, ಯವ್ವಾ."

ಅವಳ ನಗೆ ನಿಂತಿತು. ಕೈಯಲ್ಲಿನ ಕಪ್ಪನ್ನು ಕೆಳಗಿಟ್ಟಳು.

"ದೀಪಾವಳಿ ತನಕ ನಾ ಅಲ್ಲೇ ಇದ್ದೆ, ಕಾಕಾ."