ಅರ್ಧ ಸುರುಳಿಯ ದೊಡ್ಡ ದನಿ

ಪುಕಾಲ್ಪಾ ಊರಿನಲ್ಲಿ ಹಡಗುಕಟ್ಟೆಯಿಂದ ಮಾರುಕಟ್ಟೆಗೆ ಮೂರು ಗಾಲಿಯ ಮೋತೊಕಾರ್ ಓಡಿಸುವ ನೊಲ್ಬೆರ್ತೊ ಶುಪಿಂಗಾವಾನನ್ನು ಜನ ಗುರುತಿಸುತ್ತಿದ್ದುದು ಅವನ ಗಾಡಿಯಿಂದಲ್ಲ, ಗಿಟಾರಿನಿಂದ. ಮದುವೆಯೋ ಹುಟ್ಟುಹಬ್ಬವೋ ಇದ್ದರೆ ಅವನ ತಂಡ ಬಂದು ಕುಂಬಿಯಾ ಬಾರಿಸಬೇಕು, ಜನ ಕುಣಿಯಬೇಕು. ತಂಡದಲ್ಲಿ ಹಾಡುವವರಿರಲಿಲ್ಲ. ಹಾಡೆಲ್ಲ ಗಿಟಾರಿನದೇ. ಹಾಗಾಗಿ ಅದರ ಗಂಟಲು ಕೆಟ್ಟರೆ ತಂಡವೇ ಮೂಕವಾದಂತೆ.

ಆ ವರ್ಷದ ಮಳೆಗಾಲದಲ್ಲಿ ಕೆಟ್ಟಿತು. ಗಿಟಾರಿನ ತಂತಿಗಳ ಕೆಳಗೆ ಕೂತು ಅವುಗಳ ಅದುರನ್ನು ಹಿಡಿದು ಸ್ಪೀಕರಿಗೆ ಕಳಿಸುವ ಪಿಕಪ್, ತೇವ ತಿಂದು ತಿಂದು ಒಂದು ದಿನ ಉಸಿರೇ ಬಿಟ್ಟಿತು. ಲೀಮಾಕ್ಕೆ ಹೋಗಿದ್ದ ಪರಿಚಯದವನೊಬ್ಬ ಹೊಸದೊಂದನ್ನು ತಂದುಕೊಟ್ಟ. ಹೆಸರಿಲ್ಲ, ಡಬ್ಬಿಯಿಲ್ಲ, ಬರೀ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಮಾಲು.

ನೊಲ್ಬೆರ್ತೊಗೆ ಬೆಸುಗೆ ಕೆಲಸ ಹೊಸದಲ್ಲ. ಇಂಥ ಪಿಕಪ್ಪಿನೊಳಗೆ ಕೂದಲೆಳೆಯಂಥ ತಾಮ್ರ ಸುತ್ತಿದ ಎರಡು ಸುರುಳಿಗಳು ಅಕ್ಕಪಕ್ಕ ಕೂತಿರುತ್ತವೆ. ಒಂದೊಂದಕ್ಕೆ ಎರಡೆರಡು ವೈರು. ಎರಡೂ ಸುರುಳಿ ಸೇರಿ ದುಡಿದರೆ ದನಿ ದಪ್ಪ, ಗುಂಯ್‌ಗುಡುವ ಕಾಟವೂ ಇಲ್ಲ. ಗಿಟಾರಿನ ಗುಂಡಿಯನ್ನು ಮೇಲಕ್ಕೆಳೆದರೆ ಒಂದು ಸುರುಳಿ ಮಲಗಿ, ಉಳಿದದ್ದೊಂದೇ ತೆಳ್ಳಗೆ, ಚುರುಕಾಗಿ ನುಡಿಯಬೇಕು. ಹಳೆಯದರಲ್ಲಿ ಇದನ್ನೆಲ್ಲ ಅವನೇ ಮಾಡಿದ್ದ. ಕೆಂಪು ಎಲ್ಲಿಗೆ, ಕರಿ ಎಲ್ಲಿಗೆ ಎಂಬುದು ಕೈಗೇ ಗೊತ್ತಿತ್ತು. ಅದೇ ಬಣ್ಣ ನೋಡಿಕೊಂಡು ಬೆಸೆದ, ಮುಚ್ಚಿದ, ಮೀಟಿದ.

ದನಿ ಮೂಗಿನಿಂದ ಬಂತು. ಹೊಟ್ಟೆಗೇನೂ ಇಲ್ಲದವನ ಹಾಗೆ ಸೊರಗಿದ ದನಿ. ಮೇಲಾಗಿ ಗುಂಯ್‌ ಎಂಬ ಸದ್ದು ಬೇರೆ. ಗುಂಡಿ ಎಳೆದ. ಅರ್ಧವಾಗಬೇಕಿದ್ದ ದನಿ ದಪ್ಪಗಾಯಿತು! ಒತ್ತಿದ, ಸಣ್ಣಗಾಯಿತು. ಎಳೆದ, ದೊಡ್ಡದಾಯಿತು.

ಅವನು ಗಿಟಾರನ್ನು ಮಂಚದ ಮೇಲಿಟ್ಟ. ಒಬ್ಬನೇ ದುಡಿದರೆ ಮನೆ ತುಂಬುವುದು, ಇಬ್ಬರೂ ದುಡಿದರೆ ಬರಿದಾಗುವುದು, ಇದೆಂಥ ಲೆಕ್ಕ? ಬೆಸುಗೆಯನ್ನೆಲ್ಲ ಬಿಚ್ಚಿ ಮತ್ತೆ ಹಾಕಿದ. ಗಿಟಾರಿಗೆ ಸ್ಪೀಕರಿನ ವೈರು ಚುಚ್ಚುವ ತೂತನ್ನು ಬದಲಿಸಿದ. ಸ್ಪೀಕರನ್ನು ಬಡಿದು ನೋಡಿದ. ಏನು ಮಾಡಿದರೂ ಅದೇ ಸೊಳ್ಳೆ ದನಿ.

ಅವನನ್ನು ತಿನ್ನುತ್ತಿದ್ದುದು ಇನ್ನೊಂದು ಅನುಮಾನ. ಎಷ್ಟೋ ವರ್ಷ ಡ್ರಮ್ಮುಗಳ ಪಕ್ಕ ನಿಂತೂ ನಿಂತೂ ಅವನ ಬಲಗಿವಿ ಮಂಕಾಗುತ್ತ ಬಂದಿತ್ತು. ಹೆಂಡತಿಗೂ ಹೇಳಿರಲಿಲ್ಲ. ಈಗ ತಲೆ ಆ ಕಡೆ ತಿರುಗಿಸಿದರೆ ಒಂದು ದನಿ, ಈ ಕಡೆ ತಿರುಗಿಸಿದರೆ ಇನ್ನೊಂದು. ಸೋತಿರುವುದು ವೈರೋ, ಕಿವಿಯೋ? ಯಾರನ್ನಾದರೂ ಕೇಳೋಣವೆಂದರೆ, 'ಗಿಟಾರ್ ಚೆನ್ನಾಗೇ ಇದೆಯಲ್ಲ' ಅಂದುಬಿಟ್ಟರೆ ಏನು ಗತಿ? ಆ ಭಯಕ್ಕೆ ಬಾಯಿ ಬಿಡದೆ, ಸುಮ್ಮನೆ ಗಿಟಾರ್ ಹೊತ್ತು ಅಭ್ಯಾಸಕ್ಕೆ ಹೋದ.

ಅಭ್ಯಾಸ ನಡೆಯುತ್ತಿದ್ದುದು ಹೆಂಡತಿಯ ತಮ್ಮ ವಿಲ್ಡೆರನ ಅಂಗಳದಲ್ಲಿ. ಬೇಸ್ ಬಾರಿಸುವ ವಿಲ್ಡೆರನಿಗೆ ಬೆರಳಿಗಿಂತ ನಾಲಿಗೆ ಚುರುಕು. ಮೊದಲ ಸಾಲು ಮುಗಿಯುವುದರೊಳಗೆ ಕೈ ನಿಲ್ಲಿಸಿಬಿಟ್ಟ.

"ಭಾವ, ಗಿಟಾರ್ ತಂದ್ಯೋ, ಸೊಳ್ಳೆ ಹಿಡ್ಕೊಂಡು ಬಂದ್ಯೋ?"

"ಏನು? ನಿಂಗೂ ಸೊಳ್ಳೆ ಥರಾನೇ ಕೇಳಿಸ್ತಾ?"

"ನಂಗೊಬ್ಬಂಗೇನು, ಆ ಕೋಳೀನ ಕೇಳು. ಓಡಿಹೋಗ್ತಿದೆ ನೋಡು."

ನೊಲ್ಬೆರ್ತೊನ ಮುಖ ಅರಳಿತು. "ದೇವರು ನಿನ್ನ ಚೆನ್ನಾಗಿಟ್ಟಿರ್ಲಿ ಕಣೋ!" ಎಂದು ಅವನ ಬೆನ್ನು ತಟ್ಟಿ, ಗಿಟಾರ್ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟ. ಬೈದದ್ದಕ್ಕೆ ಹರಸಿ ಹೋದ ಭಾವನನ್ನು ವಿಲ್ಡೆರ್ ಬಾಯಿ ಬಿಟ್ಟುಕೊಂಡು ನೋಡಿದ.

ಹೆಂಡತಿ ದೆಲ್ಫಿನಾ ಹಿತ್ತಲಲ್ಲಿ ಕೂತು, ಮಾರಲು ಒಯ್ಯುವ ಹುವಾನೆ ಎಂಬ ಬುತ್ತಿಗಾಗಿ ಅನ್ನ, ಕೋಳಿಯನ್ನು ಎಲೆಯಲ್ಲಿ ಕಟ್ಟುತ್ತಿದ್ದಳು. ನೊಲ್ಬೆರ್ತೊ ಅವಳ ಪಕ್ಕದಲ್ಲೇ ಗಿಟಾರ್ ಬಿಚ್ಚಿ ಹರಡಿ, ಪಿಕಪ್ಪಿನ ವೈರಿಗೆ ಕರೆಂಟು ಅಳೆಯುವ ಮೀಟರು ಸಿಕ್ಕಿಸಿದ.

"ಇಲ್ಲಿ ಬಾರೇ, ಈ ಮೀಟರಿನ ಮುಳ್ಳು ನೋಡ್ತಿರು. ನಾನು ಸ್ಕ್ರೂಡ್ರೈವರ್ ತಗಲಿಸ್ತೀನಿ. ಯಾವ ಕಡೆ ಹಾರತ್ತೆ ಹೇಳು."

"ಕೈಯೆಲ್ಲ ಅನ್ನ ಮಾರಾಯ."

"ಕಣ್ಣಲ್ಲಿ ಅನ್ನ ಇಲ್ವಲ್ಲ."

ಅವನು ಒಂದು ಸುರುಳಿಯ ಮೇಲೆ ಸ್ಕ್ರೂಡ್ರೈವರ್ ತಾಗಿಸಿದ. "ಬಲಕ್ಕೆ," ಎಂದಳು. ಇನ್ನೊಂದರ ಮೇಲೆ ತಾಗಿಸಿದ. "ಎಡಕ್ಕೆ." ಮತ್ತೆ ಮಾಡಿದ. ಬಲಕ್ಕೆ, ಎಡಕ್ಕೆ.

"ಸರಿಯಾಗಿ ನೋಡ್ದ್ಯಾ?"

"ಕುರುಡೀನೇನು ನಾನು? ಒಂದು ಆ ಕಡೆ ಎಳಿಯತ್ತೆ, ಇನ್ನೊಂದು ಈ ಕಡೆ. ನೀನೂ ನನ್ ತಮ್ಮಾನೂ ಸೋಫಾ ಎತ್ತಿದ್ರಲ್ಲ, ಹಾಗೆ."

ಮುಳ್ಳು ಎರಡು ಸಲವೂ ಒಂದೇ ಕಡೆ ಹಾರಬೇಕಿತ್ತು. ಈ ಪಿಕಪ್ ಮಾಡಿದವನ ಕೆಂಪು ಬೇರೆ, ಹಳೆಯದನ್ನು ಮಾಡಿದವನ ಕೆಂಪು ಬೇರೆ. ಒಂದು ಸುರುಳಿಯ ತಲೆಬಾಲ ಅದಲುಬದಲಾಗಿ, ಒಂದರ ದನಿಯನ್ನು ಇನ್ನೊಂದು ತಿಂದುಹಾಕುತ್ತಿತ್ತು. ಒಂದನ್ನು ಮಲಗಿಸಿದಾಗಲೇ ಇನ್ನೊಂದಕ್ಕೆ ಉಸಿರು. ಆ ಒಂದು ಸುರುಳಿಯಲ್ಲಿ ಕೆಂಪು ಇದ್ದಲ್ಲಿಗೆ ಕರಿ, ಕರಿ ಇದ್ದಲ್ಲಿಗೆ ಕೆಂಪು ಬೆಸೆದ. ಈ ಸಲ ಮುಳ್ಳು ಎರಡು ಸಲವೂ ಬಲಕ್ಕೇ ಹಾರಿತು. ತಂತಿ ಹಾಕಿ ಮೀಟಿದಾಗ ದನಿ ದಪ್ಪಗೆ ಬಂತು, ಗುಂಯ್ ಸದ್ದೂ ಅಡಗಿತ್ತು. ದೆಲ್ಫಿನಾ ಎಲೆ ಕಟ್ಟುತ್ತಲೇ ಭುಜ ಕುಣಿಸಿದಳು.

ಆದರೆ ಅವನಿಗೆ ಆ ದನಿ ಎಡಗಡೆಯಿಂದ ಮಾತ್ರ ತುಂಬಿ ಬಂತು. ಬಲಗಡೆ ಅದೇ ಮಂಕು. ಹಾಗಾದರೆ ಕೆಟ್ಟದ್ದು ಎರಡು. ಒಂದು ಸರಿಹೋಯಿತು.

ಭಾನುವಾರ ಒಂದು ನಾಮಕರಣದ ಊಟದಲ್ಲಿ ಬಾರಿಸಿದರು. ಜನ ತಟ್ಟೆ ಬಿಟ್ಟು ಕುಣಿದರು. ನಡುವೆ ಬಲಗಡೆ ನಿಂತಿದ್ದ ವಿಲ್ಡೆರ್ 'ಮುಗಿಸು' ಎಂದು ಕೂಗಿದರೂ ನೊಲ್ಬೆರ್ತೊ ಮುಂದುವರಿಸುತ್ತಲೇ ಇದ್ದ. ಕೊನೆಗೆ ವಿಲ್ಡೆರ್ ಅವನನ್ನು ಮೊಣಕೈಯಿಂದ ತಿವಿಯಬೇಕಾಯಿತು. ಊಟಕ್ಕೆ ಕೂತಾಗ ನೊಲ್ಬೆರ್ತೊ ತಟ್ಟೆ ನೋಡುತ್ತಲೇ ಹೇಳಿದ:

"ಬಲಗಿವಿ ಹೋಗಿದೆ ಕಣೋ ನಂದು."

"ಗೊತ್ತು ಭಾವ."

"ಏನ್ ಗೊತ್ತು?"

"ಆ ಕಡೆ ನಿಂತ್ಕೊಂಡು ಎಷ್ಟು ಬೈದಿದೀನಿ ನಿನ್ನ. ಒಂದಿನಾನೂ ತಿರುಗಿ ಬೈದಿಲ್ಲ. ಒಳ್ಳೇವ್ನಾಗಿದಾನಲ್ಲ ಅಂತ ಮೊದಮೊದ್ಲು ಅಕ್ಕನ ಹತ್ರ ಹೇಳ್ದೆ. ಅವಳು ನಕ್ಕಳು."

"ಅವಳಿಗೂ ಗೊತ್ತಾ?"

"ಅವಳು ಮಂಚದಲ್ಲಿ ನಿನ್ನ ಎಡಗಡೆಗೆ ಜಾಗ ಬದಲಾಯಿಸ್ಕೊಂಡು ಎಷ್ಟು ಕಾಲ ಆಯ್ತೋ, ನೀನೇ ಕೇಳು."

ನೊಲ್ಬೆರ್ತೊಗೆ ನಾಚಿಕೆಯಾಯಿತೋ, ಹಗುರಾಯಿತೋ ತಿಳಿಯಲಿಲ್ಲ. ಅಂದಿನಿಂದ ವಿಲ್ಡೆರ್ ಅವನ ಎಡಗಡೆ ನಿಂತು ಬಾರಿಸತೊಡಗಿದ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪರೀಕ್ಷೆ ಮಾಡಿ, ಒಳಗಿನ ನರ ಸವೆದಿದೆ, ಅದು ಮರಳುವುದಿಲ್ಲ, ಉಳಿದ ಕಿವಿಯೂ ಹೋಗದಿರಲು ಅದಕ್ಕೆ ಹತ್ತಿ ಇಟ್ಟುಕೊಂಡು ಬಾರಿಸಿ ಎಂದರು. ಅವನು ತಲೆಯಾಡಿಸಿ ಬಂದ.

ಮನೆಯಲ್ಲಿ ದೆಲ್ಫಿನಾ ಕೇಳಿದಳು: "ಇರೋ ಒಂದು ಕಿವಿಗೆ ಹತ್ತಿ ತುರುಕಿದ್ರೆ ಕೇಳಿಸೋದು ಹೆಂಗೆ?"

"ಅದೇ ನಂಗೂ ಅರ್ಥ ಆಗ್ಲಿಲ್ಲ," ಎಂದು ಅವನು ಹತ್ತಿಯನ್ನು ಬೆರಳಲ್ಲಿ ಉರುಟುತ್ತ ಕೂತ.