ಆಯಿ ಕ್ಲೀನರ್ ಆಗಿ ತವರಿಗೆ ಹೋಗುತ್ತಿದ್ದುದು

ಗಂಗಾವಳಿ ಹೊಳೆಗೆ ಸೇತುವೆ ಆಗುವ ಮೊದಲು ನನ್ನ ಆಯಿ, ಅಂದರೆ ಅಮ್ಮ, ತವರಿಗೆ ಹೋಗುತ್ತಿದ್ದುದು ಕ್ಲೀನರ್ ಆಗಿ. ನಗಬೇಡಿ, ಟಿಕೆಟ್ಟಿನ ಲೆಕ್ಕದಲ್ಲಿ ಅವಳು ಅದೇ ಆಗಿದ್ದಳು.

ನಮ್ಮ ಮನೆ ಅವರ್ಸಾದಲ್ಲಿ. ಅಜ್ಜಿಯ ಮನೆ ಅಂಕೋಲೆ ದಾಟಿ, ಹೊಳೆಯನ್ನೂ ದಾಟಿದ ಮೇಲೆ. ನಡುವೆ ಬಾರ್ಜ್. ಬೈಕು, ಕಾರು, ರಿಕ್ಷಾ, ಮೀನಿನ ಬುಟ್ಟಿ ಹೊತ್ತ ಹೆಂಗಸರು, ಎಲ್ಲರನ್ನೂ ತುಂಬಿಕೊಂಡು ಹೊಗೆ ಬಿಡುತ್ತಾ ಆಚೆ ದಡಕ್ಕೆ ಹೋಗುವ ಕಬ್ಬಿಣದ ಅಗಲ ದೋಣಿ ಅದು. ಅಪ್ಪನ ಹತ್ತಿರ ಒಂದು ಲಗೇಜ್ ರಿಕ್ಷಾ ಇತ್ತು. ಗದ್ದೆ ಕೆಲಸ ಇಲ್ಲದಾಗ ಊರವರ ತೆಂಗಿನಕಾಯಿ ತುಂಬಿಕೊಂಡು ಹೊಳೆಯಾಚೆಯ ಅಂಗಡಿಗಳಿಗೆ ಹಾಕಿ ಬರುತ್ತಿದ್ದ. ಹೊಳೆಗೆ ದೂರದಲ್ಲೆಲ್ಲೋ ಇದ್ದ ಹಳೆಯ ಹೈವೇ ಸೇತುವೆ ಸುತ್ತಿ ಹೋಗಬಹುದಿತ್ತು, ಆದರೆ ಆ ಸುತ್ತಿಗೆ ಸುಡುವ ಪೆಟ್ರೋಲ್ ನೆನೆಸಿದರೇ ಅಪ್ಪನಿಗೆ ಹೊಟ್ಟೆ ಉರಿಯುತ್ತಿತ್ತು.

ಬಾರ್ಜಿನ ಟಿಕೆಟ್ಟಿನಲ್ಲಿ ಉಳಿಸುವುದು ಹೇಗೆ ಎಂದು ಅಪ್ಪನಷ್ಟು ತಲೆ ಕೆಡಿಸಿಕೊಂಡ ಮನುಷ್ಯ ಎರಡೂ ದಡದಲ್ಲಿ ಇರಲಿಲ್ಲ. ಹೋಗುವಾಗೊಂದು ಬರುವಾಗೊಂದು ಟಿಕೆಟ್ ತೆಗೆದರೆ ಹೆಚ್ಚು. ಅದೇ ದಿನ ಹೋಗಿ ಬರುವ ಟಿಕೆಟ್ ಒಟ್ಟಿಗೆ ತೆಗೆದರೆ ಕಡಿಮೆ, ಆದರೆ ಸಂಜೆಯ ಕೊನೆಯ ಬಾರ್ಜ್ ಹೊರಟ ಮೇಲೆ ಅದು ಬರೀ ಕಾಗದ. ತುಂಬಿದ ಗಾಡಿಗೆ ಒಂದು ದರ, ಖಾಲಿ ಗಾಡಿಗೆ ಇನ್ನೊಂದು. ಎಲ್ಲಕ್ಕಿಂತ ಮುಖ್ಯವಾಗಿ, ಸರಕಿನ ಗಾಡಿಯ ಟಿಕೆಟ್ಟಿನಲ್ಲಿ ಡ್ರೈವರ್ ಜೊತೆಗೆ ಒಬ್ಬ ಕ್ಲೀನರ್‌ಗೆ ಬಿಟ್ಟಿ. ಈ ಕೊನೆಯದು ಗೊತ್ತಾದ ದಿನ ಅಪ್ಪ ಊಟಕ್ಕೆ ಕೂತು ಒಬ್ಬನೇ ನಗುತ್ತಿದ್ದನಂತೆ.

ಅಂದಿನಿಂದ ಆಯಿ ಕ್ಲೀನರ್ ಆದಳು. ಕಾಯಿಯ ಬಾಡಿಗೆ ಇದ್ದ ದಿನವೇ ಅವಳಿಗೆ ತವರು. ಬಸ್ಸಿನಲ್ಲಿ ಹೋಗಿ ಬರುತ್ತೇನೆ ಅಂದರೆ, "ಗಾಡಿ ಅಲ್ಲಿಗೇ ಹೋಗೂವಾಗ ಬಸ್ಸಿಗ್ಯಾಕೆ ದುಡ್ಡು ಸುರೀಬೇಕು?" ಎನ್ನುತ್ತಿದ್ದ ಅಪ್ಪ. ಒಂದು ರಾತ್ರಿ ಉಳಿಯುತ್ತೇನೆ ಅಂದರೆ, "ಮತ್ತೆ ಕರ್ಕಂಡು ಬರೂಕೆ ಇನ್ನೊಂದು ಟಿಕೆಟ್ಟಾ? ಎಮ್ಮೆ ಹಾಲು ಯಾರು ಕರೀತಾರೆ, ನಿನ್ನ ಅಣ್ಣ ಬರ್ತ್ನಾ?" ಆಯಿ ಹಾಲಿನ ತಂಬಿಗೆ ಎತ್ತಿಕೊಂಡು ಕೊಟ್ಟಿಗೆಗೆ ಹೋಗುತ್ತಿದ್ದಳು.

ಟಿಕೆಟ್ ಕೊಡುವವನಿಗೂ ಎಲ್ಲ ಗೊತ್ತು. ಆಯಿ ಜರಿ ಅಂಚಿನ ಸೀರೆ ಉಟ್ಟು, ಅಬ್ಬಲಿಗೆ ದಂಡೆ ಮುಡಿದು, ತೊಡೆಯ ಮೇಲೆ ಉಂಡೆಯ ಡಬ್ಬಿ ಇಟ್ಟುಕೊಂಡು ಅಪ್ಪನ ಪಕ್ಕ ಇಕ್ಕಟ್ಟಿನಲ್ಲಿ ಕೂತಿರುವಾಗ ಅವನು ಬಗ್ಗಿ ನೋಡುತ್ತಿದ್ದ.

"ಏನ್ ಕ್ಲೀನರಮ್ಮಾ, ಇವತ್ತು ಗ್ಲಾಸ್ ಒರೆಸಿದ್ರಾ ಇಲ್ವಾ?"

ಸುತ್ತಲಿನವರೆಲ್ಲ ನಗುತ್ತಿದ್ದರು, ಅಪ್ಪ ಎಲ್ಲರಿಗಿಂತ ಜೋರಾಗಿ. ಆಯಿಯೂ ನಕ್ಕಂತೆ ಮಾಡಿ ಸೆರಗು ಎಳೆದುಕೊಳ್ಳುತ್ತಿದ್ದಳು. ಹಿಂದೆ ಕಾಯಿಯ ರಾಶಿಯ ಮೇಲೆ ಕೂತಿರುತ್ತಿದ್ದ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನಗೆ ಬೇರೆ ಟಿಕೆಟ್ ತೆಗೆಯಬೇಕಲ್ಲ ಎಂದು ಅಪ್ಪ ದಾರಿಯುದ್ದಕ್ಕೂ ಗೊಣಗುತ್ತಿದ್ದದ್ದು ಬೇರೆ.

ನಾನು ಅಂಕೋಲೆಯಲ್ಲಿ ಕಾಲೇಜಿಗೆ ಹೋಗುತ್ತಿದ್ದ ಕೊನೆಯ ವರ್ಷ, ದೀಪಾವಳಿ ಕಳೆದ ಮೇಲೆ, ಮಾವ ಫೋನ್ ಮಾಡಿದ. ಅಜ್ಜಿಗೆ ಜ್ವರ ಬಿಟ್ಟರೂ ಏಳಲು ಆಗುತ್ತಿಲ್ಲ, ಊಟ ಸೇರುತ್ತಿಲ್ಲ, ಡಾಕ್ಟರು ವಯಸ್ಸಿನ ಮಾತು ಹೇಳಿ ಮನೆಗೆ ಕಳಿಸಿದ್ದಾರೆ ಎಂದ. ಆಯಿ ಫೋನ್ ಇಟ್ಟು ಅಪ್ಪನ ಮುಖ ನೋಡಿದಳು.

"ಗುರುವಾರ ಬಾಡಿಗೆ ಅದೆ," ಅಂದ ಅಪ್ಪ. "ಆವಾಗ ಹೋಪ."

ಅಂದು ಸೋಮವಾರ. ನಾನು ಬಾಯಿ ಬಿಡುವಷ್ಟರಲ್ಲಿ ಆಯಿ ಕಣ್ಣಲ್ಲೇ ತಡೆದಳು. ಗುರುವಾರದವರೆಗೆ ಅವಳ ಕೈಗೆ ಸಿಕ್ಕ ಪಾತ್ರೆಗಳು ಬಚ್ಚಲಲ್ಲಿ ಧಡಬಡ ಎನ್ನುತ್ತಿದ್ದವು. ಅಪ್ಪ ಕೆಟ್ಟವನಲ್ಲ, ಅದನ್ನೂ ಹೇಳಬೇಕು. ಅತ್ತೆಗೆಂದು ಎಳನೀರಿನ ಗೊನೆಯನ್ನು ತಾನೇ ಮರ ಹತ್ತಿ ಇಳಿಸಿದ. ಆದರೆ ಮೂರು ದಿನ ಮೊದಲೇ ಖಾಲಿ ಗಾಡಿ ಹೊಳೆ ದಾಟಿಸುವುದು ಮಾತ್ರ ಅವನ ತಲೆಗೆ ಬರುವ ವಿಷಯವೇ ಆಗಿರಲಿಲ್ಲ.

ಗುರುವಾರ ನೀರು ಇಳಿದಿತ್ತು. ಬಾರ್ಜ್ ಮರಳಿಗೆ ತಾಗಿ ನಿಂತು, ಭರತದ ನೀರು ಏರುವುದನ್ನು ಕಾದು, ಹೊರಡುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಜ್ಜಿಯ ಮನೆ ಮುಟ್ಟಿದಾಗ ಮಧ್ಯಾಹ್ನ ದಾಟಿತ್ತು. ಅಪ್ಪ ನಮ್ಮನ್ನು ಇಳಿಸಿ, "ಕೊನೇ ಬಾರ್ಜ್, ನೆನಪಿರ್ಲಿ," ಎಂದು ಕಾಯಿ ಹಾಕಲು ಹೋದ.

ಅಜ್ಜಿ ಒಳಕೋಣೆಯ ಮಂಚದ ಮೇಲೆ ಇಷ್ಟೇ ಇಷ್ಟಾಗಿ ಮಲಗಿದ್ದಳು. ಆಯಿ ಒಂದು ಗಳಿಗೆ ಬಾಗಿಲಲ್ಲೇ ನಿಂತಳು. ಆಮೇಲೆ ಸೆರಗು ಸಿಕ್ಕಿಸಿ ಕೆಲಸಕ್ಕೆ ಇಳಿದಳು. ಬಿಸಿನೀರಲ್ಲಿ ಮೈ ಒರೆಸಿದಳು, ಸೀರೆ ಬದಲಿಸಿದಳು, ಸಿಕ್ಕುಗಟ್ಟಿದ ಕೂದಲನ್ನು ಎಣ್ಣೆ ಹಾಕಿ ಬಿಡಿಸಿದಳು, ಗಂಜಿಯನ್ನು ಚಮಚದಲ್ಲಿ ಕುಡಿಸಿದಳು. ಎಲ್ಲವೂ ಗಡಿಬಿಡಿಯಲ್ಲಿ. ಅಜ್ಜಿಯೂ ಅವಸರದಲ್ಲೇ ನುಂಗುತ್ತಿದ್ದಳು. ನಡುವೆ ಇಬ್ಬರೂ ಆಡಿದ ಮಾತೆಂದರೆ, "ಸಾಕಾ?", "ಸಾಕು," ಅಷ್ಟೇ.

ಹೊತ್ತು ಇಳಿಯುವಾಗ ಓಣಿಯಲ್ಲಿ ಅಪ್ಪನ ರಿಕ್ಷಾದ ಹಾರ್ನ್ ಕೇಳಿತು. ಆಯಿ ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದವಳು ಏಳಲಿಲ್ಲ. ಹಾರ್ನ್ ಮತ್ತೆ ಬಂತು. ಅವಳು ಇನ್ನೊಂದು ಕಾಲು ಹಿಡಿದುಕೊಂಡಳು. ಕೊನೆಗೆ ಅಪ್ಪನೇ ಜಗಲಿಗೆ ಬಂದ. ಆಯಿ ಎಣ್ಣೆಗೈಯಲ್ಲೇ ಹೊರಗೆ ಹೋದಳು, ಅವಳ ಹಿಂದೆ ನಾನು.

"ಹೊರಡೂದಿಲ್ವಾ? ಬಾರ್ಜ್ ತಪ್ತದೆ."

"ನೀವು ಹೋಗಿ. ನಾ ಉಳೀತೆ."

"ಉಳೀತ್ಯಾ? ಹೋಗಿ ಬರೂ ಟಿಕೆಟ್ ತೆಗದಾಗದೆ ಮಾರಾಯ್ತಿ!"

"ಟಿಕೆಟ್ ತೆಗದದ್ದು ಗಾಡಿಗೆ. ಗಾಡಿ ತಕಂಡು ಹೋಗಿ."

"ಮತ್ತೆ ಎಮ್ಮೆ?"

"ನಿಮಗೆ ಎರಡು ಕೈ ಇಲ್ವಾ?"

ಅಪ್ಪ ನನ್ನ ಕಡೆ ನೋಡಿದ, ಮಾವನ ಕಡೆ ನೋಡಿದ. ಮಾವ ಪಾಪ, ಅಂಗಳದ ಕೋಳಿಯನ್ನು ನೋಡುತ್ತಾ ನಿಂತ. ಆಗ ಆಯಿಯ ದನಿ ಏರಿತು. ಅಷ್ಟು ಜೋರು ದನಿ ಅವಳಿಗೆ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

"ಇಷ್ಟು ವರ್ಷ ನಿಮ್ಮ ಗಾಡಿ ಕ್ಲೀನರ್ ಅಂದ್ಕಂಡು ಬಂದೆ, ಹೋದೆ. ಜನ ನಕ್ರು, ನೀವೂ ನಕ್ರಿ. ಒಳಗೆ ಬಿದ್ಕಂಡವಳಿಗೆ ನಾ ಕ್ಲೀನರ್ ಅಲ್ಲ, ಮಗಳು. ಸೋಮವಾರ ಬರಬೇಕಾದವಳು ಗುರುವಾರ ಬಂದೆ. ಇನ್ನೊಂದು ಗುರುವಾರ ಸಿಕ್ತದೆ ಅಂತ ನೀವು ಬರ್ಕೊಡ್ತ್ರಾ?"

ಅಪ್ಪ ಎಳನೀರಿನ ಗೊನೆಯನ್ನು ಗಾಡಿಯಿಂದ ತಂದು ಜಗಲಿಯ ಮೇಲಿಟ್ಟ. "ಹುಷಾರು," ಅಂದ, ಯಾರಿಗೆಂದು ಹೇಳದೆ. ನಾನೂ ಹತ್ತಲಿಲ್ಲ. ರಿಕ್ಷಾ ಓಣಿಯ ತಿರುವಿನಲ್ಲಿ ಮರೆಯಾಯಿತು. ನನಗೆ ಕುಣಿಯಬೇಕು ಅನಿಸಿತ್ತು, ಜೊತೆಗೆ ಅಪ್ಪನ ಬೆನ್ನು ನೋಡಿ ಅಯ್ಯೋ ಅಂತಲೂ ಅನಿಸಿತು.

ನಾವು ಒಳಗೆ ಬಂದು ಕೂತ ಸ್ವಲ್ಪ ಹೊತ್ತಿಗೆ ಹೊಳೆಯ ಕಡೆಯಿಂದ ಬಾರ್ಜಿನ ಕೂಗು ಕೇಳಿತು. ಮಂಚದ ಮೇಲೆ ಅಜ್ಜಿ ಗಾಬರಿಯಾದಳು. ಬತ್ತಿದ ಕೈಯಿಂದ ಆಯಿಯನ್ನು ದೂಡತೊಡಗಿದಳು.

"ಏಳು ಮಗಾ, ಏಳು. ಕೊನೇ ಬಾರ್ಜು. ಅಳಿಯಂದು ಟಿಕೆಟ್ ಹಾಳಾಗ್ತದೆ."

"ಅವ್ರು ಹೋದ್ರು ಆಯೀ. ನಾ ಹೋಗೂದಿಲ್ಲ."

ಅಜ್ಜಿ ನಂಬಲಿಲ್ಲ. "ಸುಳ್ಳು ಹೇಳ್ಬೇಡ. ಏ ಹುಡುಗಿ, ನೋಡ್ಕಂಡು ಬಾ," ಎಂದು ನನ್ನನ್ನು ಅಟ್ಟಿದಳು. ನಾನು ಹಿತ್ತಲ ಬೇಲಿಯ ದಣಪೆ ದಾಟಿ ದಡದ ತನಕ ಓಡಿದೆ. ಬಾರ್ಜ್ ನಡು ಹೊಳೆಯಲ್ಲಿತ್ತು. ಬೈಕುಗಳ ನಡುವೆ ಅಪ್ಪನ ಖಾಲಿ ರಿಕ್ಷಾ, ಅದಕ್ಕೆ ಒರಗಿ ನಿಂತ ಅಪ್ಪ. ತಿರುಗಿ ಓಡಿ ಬಂದು, "ಹೋಯ್ತು ಅಜ್ಜಿ, ನಾನೇ ನೋಡಿದೆ," ಅಂದೆ.

ಅಜ್ಜಿ ನನ್ನನ್ನು ನೋಡಿದಳು. ಆಯಿಯನ್ನು ನೋಡಿದಳು. ಮಂಚದ ಸರಳು ಹಿಡಿದು, ಏದುಸಿರು ಬಿಡುತ್ತಾ ಗೋಡೆಯ ಬದಿಗೆ ಸರಿದು, ಪಕ್ಕದಲ್ಲಿ ಆದ ಜಾಗವನ್ನು ಕೈಯಿಂದ ತಟ್ಟಿದಳು.

"ಹಂಗಾರೆ ಈಗ ಹೇಳು ಮಗಾ," ಅಂದಳು. "ನೀ ಹೆಂಗಿದ್ದೆ?"

ಆಯಿ ಆ ಜಾಗದಲ್ಲಿ ಮುಖವಿಟ್ಟು ಅತ್ತಳು.