ತೇಪೆಗೆ ಗುಳ್ಳೆಯ ಸಾಕ್ಷಿ

ಪಂಕ್ಚರ್ ಅಂಗಡಿಯ ಯಜಮಾನನಿಗೆ ನಲವತ್ತೆಂಟು ತುಂಬುವವರೆಗೂ ಬೀದಿಯಲ್ಲಿ ಒಂದೇ ಹೆಸರು: ಮೈಗಳ್ಳ. ನಾಲ್ಕು ಸಲ ಪಂಪು ಒತ್ತಿದರೆ ಸಾಕು, ಐದನೆಯದಕ್ಕೆ ಏದುಸಿರು ಬಿಡುತ್ತಾ ಹಳೇ ಟೈರಿನ ಮೇಲೆ ಕೂತುಬಿಡುತ್ತಿದ್ದ. "ಗಾಳಿ ತುಂಬಪ್ಪಾ ಅಂದ್ರೆ ಗಾಳಿ ತಗೊಳ್ತಾ ಕೂತಿದಾನೆ!" ಎಂದು ಗಿರಾಕಿಗಳು ನಗುತ್ತಿದ್ದರು. ಆ ನಗುವಿಗೆ ಹೆಂಡತಿಯೂ ಆಗಾಗ ದನಿಗೂಡಿಸಿದವಳೇ.

ಕಾಲು ಊದಿಕೊಂಡು ಆಸ್ಪತ್ರೆಗೆ ಹೋದಾಗ ನಿಜ ಹೊರಬಿತ್ತು. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದಲೇ ಒಂದು ತೂತು, ಕೋಟಿನ ಗುಂಡಿಯಷ್ಟು ಅಗಲ. ಹೆಂಡತಿಯ ಮುಖ ಸಣ್ಣಗಾಯಿತು.

"ಎದೆ ತೆರೆದು ತೇಪೆ ಹಾಕಬೇಕು. ತಡ ಮಾಡಿದ್ರೆ ಶ್ವಾಸಕೋಶ ಕೆಡುತ್ತೆ, ಆಮೇಲೆ ನನ್ನ ಕೈಲೂ ಏನೂ ಆಗಲ್ಲ," ಎಂದು ಡಾಕ್ಟರಮ್ಮ ಒಪ್ಪಿಗೆ ಕಾಗದ ಮುಂದಿಟ್ಟರು.

ಪೆನ್ನು ಹಿಡಿದವನು ಅಲ್ಲಿಗೇ ನಿಂತ. "ತೇಪೆ ಯಾತರದ್ದು?"

"ನಿಮ್ಮ ಹೃದಯದ ಸುತ್ತ ಇರೋ ಪೊರೆಯದ್ದೇ."

"ಅಂಟಿಸ್ತೀರಾ?"

"ಹೊಲೀತೀವಿ."

"ಹೊಲಿಗೆ ಅಂದ್ರೆ ಇನ್ನೂ ಇಪ್ಪತ್ತು ತೂತು!"

ಹೆಂಡತಿ ಹಣೆ ಚಚ್ಚಿಕೊಂಡಳು. "ರೀ, ನಿಮ್ಮ ದಮ್ಮಯ್ಯ, ಅವರು ಓದಿರೋರು. ಸುಮ್ಮನೆ ರುಜು ಹಾಕಿ."

"ನೀನಿರು ಮಾರಾಯ್ತಿ. ಮೂವತ್ತು ವರ್ಷದಲ್ಲಿ ನೀರಲ್ಲಿ ಅದ್ದಿ ನೋಡದೆ ಒಂದು ಟ್ಯೂಬೂ ಹೊರಗೆ ಕೊಟ್ಟೋನಲ್ಲ ನಾನು. ಡಾಕ್ಟ್ರಮ್ಮಾ, ನನ್ನನ್ನ ಎಲ್ಲಿ ಅದ್ದುತೀರಿ?"

ಬಾಗಿಲಲ್ಲಿದ್ದ ನರ್ಸು ಕಿಸಕ್ಕೆಂದಳು. ಡಾಕ್ಟರಮ್ಮ ನಗಲಿಲ್ಲ. ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದರು.

"ಅದ್ದಲ್ಲ. ಉಪ್ಪುನೀರನ್ನ ಗುಳ್ಳೆ ಬರೋ ಹಾಗೆ ಕಲಕಿ ಕೈಯ ನರಕ್ಕೆ ಬಿಟ್ಟು ಸ್ಕ್ಯಾನ್ ಮಾಡ್ತೀವಿ. ತೂತಿದ್ರೆ ಗುಳ್ಳೆ ಆಚೆ ಕೋಣೆಗೆ ದಾಟುತ್ತೆ. ನೋಡಿ, ಇದು ಬೇರೊಬ್ಬರದ್ದು, ತೇಪೆಗೆ ಮೊದಲು. ಇದು ಆಮೇಲೆ."

ಮೂಗು ಪರದೆಗೆ ತಾಗುವಷ್ಟು ಬಗ್ಗಿ ನೋಡಿದ. ಮೊದಲನೆಯದರಲ್ಲಿ ಗುಳ್ಳೆಗಳು ಸಂತೆಗೆ ಹೊರಟಂತೆ ಸಾಲಾಗಿ ದಾಟುತ್ತಿದ್ದವು. ಎರಡನೆಯದರಲ್ಲಿ ಒಂದೂ ಆಚೆ ಹೋಗಲಿಲ್ಲ.

"ಇದನ್ನ ಮೊದಲೇ ಹೇಳೋದಲ್ವಾ ತಾಯಿ? ಇಷ್ಟೊತ್ತೂ ನಿಮ್ಮನ್ನ ಬರೀ ಡಾಕ್ಟ್ರು ಅಂದ್ಕೊಂಡಿದ್ದೆ!" ಎಂದು ಠಕ್ಕನೆ ರುಜು ಹಾಕಿದ.

ತೇಪೆ ಹಾಕಿಸಿಕೊಂಡು ಮೂರು ತಿಂಗಳಾದ ಮೇಲೆ ಹೆಂಡತಿಯ ಜೊತೆ ತಪಾಸಣೆಗೆ ಹೋದಾಗ ಲಿಫ್ಟು ಕೆಟ್ಟಿತ್ತು. ಮಾತಾಡುತ್ತಲೇ ಮೆಟ್ಟಿಲು ಹತ್ತುತ್ತಿದ್ದವನಿಗೆ ಎರಡನೇ ಮಹಡಿಯಲ್ಲಿ ಪಕ್ಕದಲ್ಲಿ ಯಾರೂ ಇಲ್ಲವೆಂದು ಗೊತ್ತಾಯಿತು.

"ರೀ, ನಿಲ್ರೀ! ನಿಮ್ಮನ್ನ ಯಾರು ಅಟ್ಟಿಸ್ಕೊಂಡು ಬರ್ತಿದಾರೆ?" ಕೆಳಗೆ ಕಂಬಿ ಹಿಡಿದು ಹೆಂಡತಿ ಸುಧಾರಿಸಿಕೊಳ್ಳುತ್ತಿದ್ದಳು.

ಅವನು ನಿಂತ. ಇಷ್ಟು ವರ್ಷವೂ ಮುಂದೆ ಹೋಗಿ ನಿಂತು ಕಾದವಳು ಅವಳು. ಕಾಯುವುದು ಅವನಿಗೆ ಹೊಸದು. ಏನು ಮಾಡಬೇಕೆಂದು ತೋಚದೆ, ಸರಸರ ಕೆಳಗಿಳಿದು ಅವಳ ಕೈಚೀಲ ಇಸಿದುಕೊಂಡ.